ಒಂದು ರೆಜಿಮೆಂಟಿನ ಸೇವೆಗೆ ಒಂದು ಪುಟ: ಅಮೆರಿಕದ ಅಂತರ್ಯುದ್ಧದ ಸೈನಿಕರ ಡೇಟಾಬೇಸ್ ಹೇಗಿದೆ?

ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಹೋರಾಡಿದವರ ಹೆಸರುಗಳನ್ನೂ ಅವರು ಸೇರಿದ್ದ ರೆಜಿಮೆಂಟುಗಳ ಇತಿಹಾಸವನ್ನೂ ಒಂದೆಡೆ ಕೂಡಿಸಿಟ್ಟಿರುವ ‘ಸೋಲ್ಜರ್ಸ್ ಆ್ಯಂಡ್ ಸೇಲರ್ಸ್ ಡೇಟಾಬೇಸ್’ ಎಂಬ ಸೇವೆಯನ್ನು ಆ ದೇಶದ ರಾಷ್ಟ್ರೀಯ ಉದ್ಯಾನಗಳನ್ನೂ ಚಾರಿತ್ರಿಕ ತಾಣಗಳನ್ನೂ ನೋಡಿಕೊಳ್ಳುವ ನ್ಯಾಷನಲ್ ಪಾರ್ಕ್ ಸರ್ವೀಸ್ ನಡೆಸುತ್ತಿದೆ. ಇದನ್ನು ಬಳಸಲು ಹಣ ಕೊಡಬೇಕಾಗಿಲ್ಲ, ಖಾತೆ ತೆರೆಯಬೇಕಾಗಿಲ್ಲ. ವಂಶಾವಳಿ ಹುಡುಕುವವರು ತಮ್ಮ ಮುತ್ತಜ್ಜನ ಹೆಸರಿಗಾಗಿ ಇಲ್ಲಿಗೆ ಬರುತ್ತಾರೆ, ಹೆಸರು ಸಿಕ್ಕರೆ ಸಂತೋಷಪಟ್ಟು ಹೊರಟುಹೋಗುತ್ತಾರೆ. ಆದರೆ ಈ ಸೇವೆಯ ಹೆಚ್ಚು ಬೆಲೆಯುಳ್ಳ ಭಾಗ ಹೆಸರುಗಳ ಪಟ್ಟಿಯಲ್ಲ, ರೆಜಿಮೆಂಟುಗಳ ಪುಟಗಳು. ಆ ಪುಟಗಳು ತೀರ ಒಣ ಬರವಣಿಗೆಯವು. ದಿನಾಂಕ, ಸ್ಥಳ, ಮತ್ತೆ ದಿನಾಂಕ, ಮತ್ತೆ ಸ್ಥಳ, ಕೊನೆಯಲ್ಲಿ ಸತ್ತವರ ಲೆಕ್ಕ: ಇಷ್ಟೇ ಅವುಗಳ ರೀತಿ. ಆ ಒಣತನವೇ ಅವುಗಳ ದೊಡ್ಡ ಗುಣ ಎಂಬುದು ನನ್ನ ಅಭಿಪ್ರಾಯ. ಅದು ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಹೇಳಬೇಕಾಗಿದೆ.

ಇಂಥ ಸೇವೆಯನ್ನು ಒರೆಗೆ ಹಚ್ಚಲು ಒಂದು ರೆಜಿಮೆಂಟನ್ನು ಹಿಡಿದು ಹುಟ್ಟಿನಿಂದ ವಿಸರ್ಜನೆಯವರೆಗೆ ಹಿಂಬಾಲಿಸುವುದೇ ಸರಿಯಾದ ದಾರಿ. ನಾನು ಆರಿಸಿಕೊಂಡದ್ದು ಅಮೆರಿಕದ ಮೇನ್ ಎಂಬ ರಾಜ್ಯ ಕಟ್ಟಿದ 20ನೇ ಮೇನ್ ಸ್ವಯಂಸೇವಕ ಪದಾತಿ ರೆಜಿಮೆಂಟನ್ನು. ಅಂತರ್ಯುದ್ಧದ ಬಗ್ಗೆ ಸ್ವಲ್ಪ ಓದಿದವರಿಗೂ ಇದರ ಹೆಸರು ಗೊತ್ತಿರುತ್ತದೆ. 1863ರ ಜುಲೈ 2ರ ಸಂಜೆ ಗೆಟಿಸ್‌ಬರ್ಗ್‌ನ ಲಿಟಲ್ ರೌಂಡ್ ಟಾಪ್ ಗುಡ್ಡದ ಮೇಲೆ ಒಕ್ಕೂಟದ (ಉತ್ತರದ ಕಡೆಯ, ಯೂನಿಯನ್) ಸೇನೆಯ ಎಡತುದಿಯನ್ನು ಕಾದು ನಿಂತದ್ದು, ಗುಂಡು ಮುಗಿಯುತ್ತ ಬಂದಾಗ ಬಯೊನೆಟ್ ಹಿಡಿದು ಇಳಿಜಾರಿನಲ್ಲಿ ನುಗ್ಗಿ ದಕ್ಷಿಣದ ಕಡೆಯ 15ನೇ ಅಲಬಾಮಾದವರನ್ನು ಹಿಮ್ಮೆಟ್ಟಿಸಿದ್ದು ಇದೇ ರೆಜಿಮೆಂಟು. ಅದರ ಕರ್ನಲ್ ಜೋಶುವಾ ಚೇಂಬರ್ಲೇನ್ ಯುದ್ಧಕ್ಕೆ ಮೊದಲು ಬೋಡನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ಆ ಸಂಜೆಯ ಕಾರ್ಯಕ್ಕಾಗಿ ಮೂವತ್ತು ವರ್ಷಗಳ ಬಳಿಕ, 1893ರಲ್ಲಿ, ಅವರಿಗೆ ಅಮೆರಿಕದ ಅತ್ಯುನ್ನತ ಸೇನಾ ಪದಕವಾದ ಮೆಡಲ್ ಆಫ್ ಆನರ್ ಸಿಕ್ಕಿತು. ಇಷ್ಟೊಂದು ಖ್ಯಾತಿ ಪಡೆದ ರೆಜಿಮೆಂಟನ್ನೇ ಬೇಕೆಂದು ಆರಿಸಿದ್ದಕ್ಕೆ ಕಾರಣವಿದೆ. ಖ್ಯಾತಿಯು ಒಂದು ದಳದ ಸೇವೆಯನ್ನು ಎಷ್ಟು ಕುಗ್ಗಿಸಿ ತೋರಿಸುತ್ತದೆ ಎಂಬುದು ಇಂಥ ಪುಟವನ್ನು ತೆರೆದಾಗಲೇ ಗೊತ್ತಾಗುವುದು.

ಸ್ವಯಂಸೇವಕ ರೆಜಿಮೆಂಟುಗಳ ಏರ್ಪಾಡನ್ನು ಅರಿಯದವರಿಗೆ ಪುಟದ ಮೊದಲ ಸಾಲುಗಳೇ ಅರ್ಥವಾಗುವುದಿಲ್ಲವಾದ್ದರಿಂದ ಅದನ್ನು ಚುಟುಕಾಗಿ ಹೇಳುತ್ತೇನೆ. ಯುದ್ಧ ಶುರುವಾದಾಗ ಅಮೆರಿಕದ ಖಾಯಂ ಸೇನೆ ಬಹಳ ಚಿಕ್ಕದಾಗಿತ್ತು. ಆದ್ದರಿಂದ ಅಧ್ಯಕ್ಷ ಲಿಂಕನ್ ರಾಜ್ಯಗಳಿಂದ ಜನರನ್ನು ಕೇಳಿದರು. ರಾಜ್ಯಪಾಲರು ರೆಜಿಮೆಂಟುಗಳನ್ನು ಕಟ್ಟಿ, ಅವುಗಳ ಅಧಿಕಾರಿಗಳನ್ನು ನೇಮಿಸಿ, ಕೇಂದ್ರದ ಸೇವೆಗೆ ಒಪ್ಪಿಸಿದರು. ಒಂದು ಪದಾತಿ ರೆಜಿಮೆಂಟಿನಲ್ಲಿ ಹತ್ತು ಕಂಪನಿಗಳು, ಪೂರ್ಣ ಬಲದಲ್ಲಿದ್ದರೆ ಸುಮಾರು ಸಾವಿರ ಜನ. ಸ್ವಯಂಸೇವಕರು ಎಂದರೆ ಸಂಬಳವಿಲ್ಲದವರಲ್ಲ. ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 13 ಡಾಲರ್ ಸಿಗುತ್ತಿತ್ತು. 1862ರ ಜುಲೈನಲ್ಲಿ ಲಿಂಕನ್ ಮೂರು ವರ್ಷಗಳ ಸೇವೆಗೆ ಇನ್ನೂ 3 ಲಕ್ಷ ಜನರನ್ನು ಕೇಳಿದಾಗ ಮೇನ್ ರಾಜ್ಯ ಕಟ್ಟಿದ ರೆಜಿಮೆಂಟುಗಳಲ್ಲಿ ಇದು ಕೊನೆಯ ಸಾಲಿನದು, ಬೇರೆ ರೆಜಿಮೆಂಟುಗಳು ಭರ್ತಿಯಾದ ಮೇಲೆ ಉಳಿದವರನ್ನು ಸೇರಿಸಿ ಮಾಡಿದ್ದು.

ಈಗ ಪುಟಕ್ಕೆ ಬರೋಣ. ಪೋರ್ಟ್‌ಲ್ಯಾಂಡ್‌ನಲ್ಲಿ ಸಂಘಟನೆ, 1862ರ ಆಗಸ್ಟ್ 29ರಂದು ಸೇವೆಗೆ ಸೇರ್ಪಡೆ, ಸೆಪ್ಟೆಂಬರ್ ಆರಂಭದಲ್ಲಿ ವಾಷಿಂಗ್ಟನ್‌ಗೆ ಪ್ರಯಾಣ. ಅಲ್ಲಿಂದ ಮುಂದೆ ಪೊಟೊಮ್ಯಾಕ್ ಸೇನೆಯ 5ನೇ ಕೋರ್, 1ನೇ ಡಿವಿಜನ್, 3ನೇ ಬ್ರಿಗೇಡ್ (ಕೆಲವು ರೆಜಿಮೆಂಟುಗಳು ಸೇರಿ ಬ್ರಿಗೇಡ್, ಬ್ರಿಗೇಡುಗಳು ಸೇರಿ ಡಿವಿಜನ್, ಡಿವಿಜನ್ನುಗಳು ಸೇರಿ ಕೋರ್) ಎಂಬ ಒಂದೇ ವಿಳಾಸ, ಯುದ್ಧದ ಕೊನೆಯವರೆಗೂ ಬದಲಾಗದ್ದು. ಬೇರೆ ಎಷ್ಟೋ ರೆಜಿಮೆಂಟುಗಳ ಪುಟಗಳಲ್ಲಿ ಈ ಭಾಗ ಹತ್ತು ಸಾಲು ಹಿಡಿಯುತ್ತದೆ, ಏಕೆಂದರೆ ಅವನ್ನು ಒಂದು ಬ್ರಿಗೇಡಿನಿಂದ ಇನ್ನೊಂದಕ್ಕೆ, ಒಂದು ಕೋರ್‌ನಿಂದ ಮತ್ತೊಂದಕ್ಕೆ ಎತ್ತಿಹಾಕುತ್ತಲೇ ಇದ್ದರು. ಆ ಬಳಿಕ ಸೇವೆಯ ವಿವರ: ಆ್ಯಂಟೀಟಮ್, ಶೆಫರ್ಡ್ಸ್‌ಟೌನ್, ಫ್ರೆಡರಿಕ್ಸ್‌ಬರ್ಗ್, ಮಳೆಯ ಕೆಸರಿನಲ್ಲಿ ಹೂತು ಅರ್ಧಕ್ಕೇ ನಿಂತ 1863ರ ಜನವರಿಯ ‘ಕೆಸರಿನ ದಂಡಯಾತ್ರೆ’, ಗೆಟಿಸ್‌ಬರ್ಗ್, ರಾಪಹ್ಯಾನಕ್ ಸ್ಟೇಷನ್, ಮೈನ್ ರನ್, ವಿಲ್ಡರ್ನೆಸ್, ಸ್ಪಾಟ್‌ಸಿಲ್ವೇನಿಯಾ, ನಾರ್ತ್ ಆ್ಯನಾ, ಕೋಲ್ಡ್ ಹಾರ್ಬರ್, 1864ರ ಜೂನ್‌ನಿಂದ 1865ರ ಏಪ್ರಿಲ್‌ವರೆಗೆ ಎಳೆದ ಪೀಟರ್ಸ್‌ಬರ್ಗ್ ಮುತ್ತಿಗೆ, ಏಪ್ರಿಲ್ 1ರಂದು ಫೈವ್ ಫೋರ್ಕ್ಸ್, ಏಪ್ರಿಲ್ 9ರಂದು ಆ್ಯಪಮ್ಯಾಟಕ್ಸ್. ಮೇ 23ರ ವಾಷಿಂಗ್ಟನ್ ಮೆರವಣಿಗೆ. ಜೂನ್ 4ರಂದು ಹಳಬರ ಬಿಡುಗಡೆ, ಜುಲೈ 16ರಂದು ರೆಜಿಮೆಂಟಿನ ವಿಸರ್ಜನೆ.

ಈ ಸಾಲಿನಲ್ಲಿ ಗೆಟಿಸ್‌ಬರ್ಗ್‌ಗೆ ಸಿಕ್ಕಿರುವ ಜಾಗ ಎಷ್ಟು? ಕೆಸರಿನ ದಂಡಯಾತ್ರೆಗೆ ಸಿಕ್ಕಷ್ಟೇ. ಯಾವ ಕಥೆಗಾರನೂ ಇಂಥ ಸಮಾನತೆಯನ್ನು ಸಹಿಸಲಾರ. ಆದರೆ ಸುಮಾರು ಮೂರು ವರ್ಷಗಳ ಸೇವೆಯಲ್ಲಿ ಜುಲೈ 2 ಒಂದು ದಿನ, ಅದರಲ್ಲೂ ಒಂದೆರಡು ಗಂಟೆ. ಉಳಿದದ್ದೆಲ್ಲ ನಡಿಗೆ, ಬಿಡಾರ, ಕಾವಲು, ಕಂದಕ, ಹತ್ತು ತಿಂಗಳ ಮುತ್ತಿಗೆ. ಪ್ರಸಿದ್ಧ ಘಟನೆಯನ್ನು ನಡುವೆ ಇಟ್ಟು ಮಿಕ್ಕದ್ದನ್ನು ಅದರ ಮುನ್ನುಡಿ–ಹಿನ್ನುಡಿಗಳಾಗಿ ಬರೆಯುವ ಅಭ್ಯಾಸಕ್ಕೆ ಒಗ್ಗಿಹೋದ ಓದುಗನಿಗೆ ಈ ಪುಟವು ಕಾಲದ ನಿಜವಾದ ಅಳತೆಯನ್ನು ಮರಳಿ ಕೊಡುತ್ತದೆ. ಗೆಟಿಸ್‌ಬರ್ಗ್ ಆದ ಮೇಲೆ ಈ ರೆಜಿಮೆಂಟಿಗೆ ಇನ್ನೂ ಎರಡು ವರ್ಷಗಳ ಸೇವೆ ಉಳಿದಿತ್ತು, ಅದರಲ್ಲಿ 1864ರ ಬೇಸಿಗೆಯ ಭೀಕರ ಕಾಳಗಗಳೆಲ್ಲ ಸೇರಿದ್ದವು ಎಂಬುದು ಎಷ್ಟು ಜನರಿಗೆ ನೆನಪಿದ್ದೀತು?

ಪುಟದ ಕೊನೆಯ ಸಾಲು ಇದಕ್ಕಿಂತ ಮುಖ್ಯವಾದದ್ದು. ಸೇವೆಯ ಅವಧಿಯಲ್ಲಿ ಕಾಳಗದಲ್ಲಿ ಸತ್ತವರು ಮತ್ತು ಗಾಯಗಳಿಂದ ಸತ್ತವರು 9 ಅಧಿಕಾರಿಗಳು, 138 ಸಿಪಾಯಿಗಳು, ರೋಗದಿಂದ ಸತ್ತವರು 1 ಅಧಿಕಾರಿ, 145 ಸಿಪಾಯಿಗಳು, ಒಟ್ಟು 293. ಕೂಡಿ ನೋಡಿದರೆ ಗುಂಡಿಗೆ 147, ರೋಗಕ್ಕೆ 146. ಬಯೊನೆಟ್ ದಾಳಿಗೆ ಹೆಸರಾದ ರೆಜಿಮೆಂಟಿನಲ್ಲಿ ಶತ್ರು ಕೊಂದಷ್ಟೇ ಜನರನ್ನು ಕಾಯಿಲೆಯೂ ಕೊಂದಿತು, ವ್ಯತ್ಯಾಸ ಒಬ್ಬನದು. ಅಧಿಕಾರಿಗಳ ಮತ್ತು ಸಿಪಾಯಿಗಳ ಲೆಕ್ಕವನ್ನು ಬೇರೆಬೇರೆಯಾಗಿ ಕೊಟ್ಟಿರುವುದರಿಂದ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ಕಾಳಗದಲ್ಲಿ ಒಂಬತ್ತು ಅಧಿಕಾರಿಗಳು ಸತ್ತರೆ ರೋಗದಿಂದ ಸತ್ತ ಅಧಿಕಾರಿ ಒಬ್ಬನೇ. ಸಾಲಿನ ಮುಂದೆ ನಿಂತು ನಡೆಸುವವನಿಗೆ ಗುಂಡಿನ ಅಪಾಯ ಹೆಚ್ಚು. ಇಕ್ಕಟ್ಟಿನ ಬಿಡಾರದಲ್ಲಿ ಮಲಗಿ, ಕೊಳಕು ನೀರು ಕುಡಿದು, ಆಮಶಂಕೆಗೂ ವಿಷಮಶೀತ ಜ್ವರಕ್ಕೂ ತುತ್ತಾಗುವ ಪಾಲು ಸಿಪಾಯಿಯದು. ಒಕ್ಕೂಟದ ಇಡೀ ಸೇನೆಯಲ್ಲಿ ಸತ್ತವರ ಪೈಕಿ ಮೂರರಲ್ಲಿ ಸುಮಾರು ಎರಡು ಪಾಲು ರೋಗದಿಂದಲೇ ಸತ್ತರು ಎಂಬುದನ್ನು ಇದರ ಪಕ್ಕದಲ್ಲಿಟ್ಟರೆ, ಈ ರೆಜಿಮೆಂಟು ಕಾಯಿಲೆಯ ವಿಷಯದಲ್ಲಿ ಉಳಿದವುಗಳಿಗಿಂತ ಅದೃಷ್ಟಶಾಲಿಯೇ ಆಗಿತ್ತು ಎನ್ನಬೇಕು. ಹೋಲಿಕೆಗೆ 54ನೇ ಮ್ಯಾಸಚೂಸೆಟ್ಸ್ ಪುಟವನ್ನು ತೆರೆಯಬಹುದು. 1863ರ ಜುಲೈ 18ರಂದು ಫೋರ್ಟ್ ವ್ಯಾಗ್ನರ್ ಮೇಲೆ ನಡೆಸಿದ ದಾಳಿಗೆ ಹೆಸರಾದ, ಕಪ್ಪು ಜನರ ಆ ರೆಜಿಮೆಂಟಿನಲ್ಲಿ ಕಾಳಗಕ್ಕೆ 109, ರೋಗಕ್ಕೆ 161 ಎಂದಿದೆ.

ಈ ಪುಟಗಳ ಮತ್ತೊಂದು ಉಪಯೋಗ ಅಕ್ಕಪಕ್ಕದ ದಳಗಳನ್ನು ನೋಡುವುದು. ಲಿಟಲ್ ರೌಂಡ್ ಟಾಪ್‌ನಲ್ಲಿ 20ನೇ ಮೇನ್ ಒಂಟಿಯಾಗಿ ನಿಂತಿರಲಿಲ್ಲ. ಕರ್ನಲ್ ಸ್ಟ್ರಾಂಗ್ ವಿನ್ಸೆಂಟ್ ಅವರ ಬ್ರಿಗೇಡಿನಲ್ಲಿ ಅದರ ಬಲಕ್ಕೆ 83ನೇ ಪೆನ್ಸಿಲ್ವೇನಿಯಾ, 44ನೇ ನ್ಯೂಯಾರ್ಕ್, 16ನೇ ಮಿಷಿಗನ್ ರೆಜಿಮೆಂಟುಗಳಿದ್ದವು, ವಿನ್ಸೆಂಟ್ ಅಲ್ಲೇ ಮಾರಕವಾಗಿ ಗಾಯಗೊಂಡು ಕೆಲವೇ ದಿನಗಳಲ್ಲಿ ತೀರಿಕೊಂಡರು. 83ನೇ ಪೆನ್ಸಿಲ್ವೇನಿಯಾದ ಪುಟಕ್ಕೆ ಹೋದರೆ ಕಾಳಗದಲ್ಲಿ ಸತ್ತವರ ಸಂಖ್ಯೆ 282 ಎಂದು ಕಾಣುತ್ತದೆ. ಒಕ್ಕೂಟದ ಎಲ್ಲ ಪದಾತಿ ರೆಜಿಮೆಂಟುಗಳಲ್ಲಿ ಇದಕ್ಕಿಂತ ಹೆಚ್ಚು ಜನರನ್ನು ಕಾಳಗದಲ್ಲಿ ಕಳೆದುಕೊಂಡದ್ದು 5ನೇ ನ್ಯೂ ಹ್ಯಾಂಪ್‌ಷೈರ್ ಒಂದೇ. 83ನೇ ಪೆನ್ಸಿಲ್ವೇನಿಯಾ 1861ರಲ್ಲೇ ಸೇವೆಗೆ ಸೇರಿತ್ತು, ಅಂದರೆ ಮೇನ್‌ನವರಿಗಿಂತ ಒಂದು ವರ್ಷ ಹೆಚ್ಚು ಕಾದಿತ್ತು ಎಂಬ ರಿಯಾಯಿತಿ ಕೊಟ್ಟರೂ, ಪಕ್ಕದಲ್ಲೇ ನಿಂತು ಸುಮಾರು ಎರಡರಷ್ಟು ಸಾವು ಕಂಡ ರೆಜಿಮೆಂಟಿನ ಹೆಸರು ಇಂದು ಹೆಚ್ಚಿನವರಿಗೆ ಗೊತ್ತಿಲ್ಲ. ಚೇಂಬರ್ಲೇನ್ ಬಹುಕಾಲ ಬದುಕಿ, ಮೇನ್ ರಾಜ್ಯದ ರಾಜ್ಯಪಾಲರಾಗಿ, ಸೊಗಸಾಗಿ ಬರೆದರು, ಭಾಷಣ ಮಾಡಿದರು. ಪೆನ್ಸಿಲ್ವೇನಿಯಾದವರಿಗೆ ಅಂಥ ಬರಹಗಾರ ದೊರೆಯಲಿಲ್ಲ. ಡೇಟಾಬೇಸಿಗೆ ಈ ಪಕ್ಷಪಾತ ಗೊತ್ತಿಲ್ಲವಾದ್ದರಿಂದ ಅದು ಇಬ್ಬರಿಗೂ ಒಂದೇ ಅಚ್ಚಿನ ಪುಟ ಕೊಟ್ಟಿದೆ.

ಇನ್ನು ಕೊರತೆಗಳು. ಒಕ್ಕೂಟದ ರೆಜಿಮೆಂಟುಗಳ ವಿವರ ಬಂದಿರುವುದು ಫ್ರೆಡರಿಕ್ ಡೈಯರ್ 1908ರಲ್ಲಿ ಪ್ರಕಟಿಸಿದ ಬೃಹತ್ ಸಂಕಲನದಿಂದ. ಒಬ್ಬನೇ ಮನುಷ್ಯ ಸಾವಿರಾರು ದಳಗಳ ಚಲನವಲನವನ್ನು ಕಲೆಹಾಕಿದ ಕೆಲಸ ಅದು, ಆ ಶ್ರದ್ಧೆಗೆ ಕೈಮುಗಿಯಲೇಬೇಕು. ಆದರೆ ಪಟ್ಟಿಯ ಸ್ವಭಾವಕ್ಕೆ ಒಂದು ಮಿತಿಯಿದೆ: ರೆಜಿಮೆಂಟು ಒಂದು ಕಾಳಗದ ಸ್ಥಳದಲ್ಲಿತ್ತು ಎಂಬುದನ್ನು ಅದು ಹೇಳುತ್ತದೆ, ಅಲ್ಲಿ ಏನು ಮಾಡಿತು ಎಂಬುದನ್ನು ಹೇಳುವುದಿಲ್ಲ. ಆ್ಯಂಟೀಟಮ್ ಎಂಬ ಹೆಸರು 20ನೇ ಮೇನ್ ಪುಟದಲ್ಲಿದೆ. ಆದರೆ ಅಮೆರಿಕದ ಇತಿಹಾಸದಲ್ಲೇ ಅತಿ ಹೆಚ್ಚು ರಕ್ತ ಹರಿದ ಆ ದಿನ, 1862ರ ಸೆಪ್ಟೆಂಬರ್ 17ರಂದು, ಈ ಹೊಸಬರು ಮೀಸಲು ಪಡೆಯಲ್ಲಿದ್ದರು, ಕಾದಲಿಲ್ಲ. ಅವರು ಮೊದಲು ಗುಂಡಿನ ರುಚಿ ಕಂಡದ್ದು ಮೂರು ದಿನಗಳ ಬಳಿಕ ಶೆಫರ್ಡ್ಸ್‌ಟೌನ್ ಬಳಿ ಪೊಟೊಮ್ಯಾಕ್ ನದಿ ದಾಟಿದಾಗ. ಮುಂದೆ ಡಿಸೆಂಬರಿನಲ್ಲಿ ಫ್ರೆಡರಿಕ್ಸ್‌ಬರ್ಗ್‌ನ ಮರೀಸ್ ಹೈಟ್ಸ್ ದಿಬ್ಬದೆದುರು, ಕಲ್ಲುಗೋಡೆಯ ಹಿಂದಿನಿಂದ ಬರುತ್ತಿದ್ದ ಗುಂಡುಗಳಿಗೆ ಸಿಕ್ಕಿಕೊಂಡು, ಕೊರೆಯುವ ಚಳಿಯಲ್ಲಿ ಹೆಣಗಳ ನಡುವೆ ನೆಲಕ್ಕಂಟಿ ಮಲಗಿದ್ದು ಕೂಡ ಪಟ್ಟಿಯಲ್ಲಿ ಅಷ್ಟೇ ಉದ್ದದ ಒಂದು ನಮೂದು. ಮೀಸಲಿನಲ್ಲಿ ನಿಂತ ದಿನವನ್ನೂ ಬೆಂಕಿಯಲ್ಲಿ ಬೆಂದ ದಿನವನ್ನೂ ಬೇರೆಮಾಡಿ ತೋರಿಸುವ ಗುರುತು ಇಂಥ ಪಟ್ಟಿಯಲ್ಲಿ ಇಲ್ಲ. ನಾನು ಮೇಲೆ ಹೊಗಳಿದ ಸಮಾನತೆಯ ಇನ್ನೊಂದು ಮುಖ ಇದು.

1863ರ ವಸಂತದಲ್ಲಿ ಆದದ್ದು ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ. ಚಾನ್ಸಲರ್ಸ್‌ವಿಲ್ ಕಾಳಗಕ್ಕೆ ಇಡೀ ಕೋರ್ ಹೊರಟಾಗ 20ನೇ ಮೇನ್ ಜೊತೆಯಲ್ಲಿ ಹೋಗಲಾಗಲಿಲ್ಲ. ಸಿಡುಬು ಬಾರದಿರಲೆಂದು ಹಾಕಿದ ಲಸಿಕೆಯಿಂದಲೇ ರೆಜಿಮೆಂಟಿನಲ್ಲಿ ಸಿಡುಬು ಹರಡಿತ್ತು. ಅವರನ್ನು ಪ್ರತ್ಯೇಕವಾಗಿಟ್ಟು ಟೆಲಿಗ್ರಾಫ್ ತಂತಿಯ ಕಾವಲಿಗೆ ಹಾಕಿದರು. ರೋಗದಿಂದ ಸತ್ತವರ ಲೆಕ್ಕವನ್ನು ಅಷ್ಟು ನಿಖರವಾಗಿ ಕೊಡುವ ಪುಟದಿಂದ ಈ ಸಂಗತಿಯನ್ನು ತಿಳಿಯಲಾಗದು. ಹಾಗೆಯೇ ಸೆರೆಯಲ್ಲಿ, ಅಪಘಾತದಲ್ಲಿ ಸತ್ತವರು ಯಾವ ಲೆಕ್ಕಕ್ಕೆ ಸೇರಿದರು, ಗಾಯಗೊಂಡು ಬದುಕಿದವರು ಎಷ್ಟು, ಕೈಕಾಲು ಕಳೆದುಕೊಂಡು ಮನೆಗೆ ಹೋದವರು ಎಷ್ಟು ಎಂಬುದೂ ಅಲ್ಲಿಲ್ಲ.

ಗೆಟಿಸ್‌ಬರ್ಗ್‌ಗೆ ಸ್ವಲ್ಪ ಮೊದಲು ರೆಜಿಮೆಂಟಿಗೆ ಬಂದು ಸೇರಿದವರ ಕಥೆಯೂ ಹೀಗೆಯೇ. 2ನೇ ಮೇನ್ ರೆಜಿಮೆಂಟು ಎರಡು ವರ್ಷಗಳ ಅವಧಿ ಮುಗಿಸಿ ಊರಿಗೆ ಹೊರಟಾಗ, ಅದರಲ್ಲಿ ಮೂರು ವರ್ಷಗಳ ಕರಾರಿಗೆ ಸಹಿ ಹಾಕಿದ್ದ ಸುಮಾರು 120 ಜನರನ್ನು ತಡೆಹಿಡಿದು 20ನೇ ಮೇನ್‌ಗೆ ಒಪ್ಪಿಸಲಾಯಿತು. ಜೊತೆಯವರೆಲ್ಲ ಮನೆಗೆ ಹೋಗುತ್ತಿರುವಾಗ ತಮ್ಮನ್ನು ಮಾತ್ರ ಉಳಿಸಿಕೊಂಡದ್ದು ಅನ್ಯಾಯವೆಂದು ಅವರು ಕರ್ತವ್ಯಕ್ಕೆ ಇಳಿಯಲು ನಿರಾಕರಿಸಿದ್ದರು. ಚೇಂಬರ್ಲೇನ್ ಈ ಜನರಿಗೆ ಶಿಕ್ಷೆ ಕೊಡುವ ಬದಲು ಊಟ ಕೊಟ್ಟು, ಕಂಪನಿಗಳಿಗೆ ಹಂಚಿದರು, ಬಹುತೇಕರು ಬಂದೂಕು ಹಿಡಿದರು. ಗುಡ್ಡದ ಮೇಲೆ ಧ್ವಜ ಹಿಡಿದು ಕದಲದೆ ನಿಂತು, ಮುಂದೆ ಮೆಡಲ್ ಆಫ್ ಆನರ್ ಪಡೆದ ಆ್ಯಂಡ್ರ್ಯೂ ಟೋಜಿಯರ್ ಈ 2ನೇ ಮೇನ್‌ನಿಂದ ಬಂದವನೇ. ಹೆಸರುಗಳ ಹುಡುಕಾಟಕ್ಕೂ ಇದಕ್ಕೂ ಸಂಬಂಧವಿದೆ. ಸೈನಿಕರ ಭಾಗದಲ್ಲಿ ಸುಮಾರು 63 ಲಕ್ಷ ಹೆಸರುಗಳಿವೆ. ಅಷ್ಟು ಜನ ಯುದ್ಧದಲ್ಲಿ ಇರಲಿಲ್ಲ. ಒಬ್ಬನೇ ಎರಡು ರೆಜಿಮೆಂಟುಗಳಲ್ಲಿ ಸೇವೆ ಮಾಡಿದ್ದರೆ ಎರಡು ನಮೂದು, ಹೆಸರಿನ ಕಾಗುಣಿತ ಎರಡು ಬಗೆಯಲ್ಲಿದ್ದರೆ ಮತ್ತೊಂದು. ಆದ್ದರಿಂದ ಈ ಪಟ್ಟಿಯಿಂದ ತಲೆ ಎಣಿಸಲು ಹೋಗಬಾರದು. ಒಂದು ರೆಜಿಮೆಂಟಿನಲ್ಲಿ ಎಷ್ಟು ಹೆಸರುಗಳಿವೆ ಎಂಬ ಅಂಕಿಯನ್ನು ಅಷ್ಟು ಜನ ಒಟ್ಟಿಗೆ ಸಾಲುಗಟ್ಟಿ ನಿಂತಿದ್ದರೆಂದು ತಿಳಿಯಲೇಬಾರದು. ಗೆಟಿಸ್‌ಬರ್ಗ್‌ನಲ್ಲಿ 20ನೇ ಮೇನ್‌ನ ಬಲ ನಾನೂರನ್ನೂ ಮುಟ್ಟಿರಲಿಲ್ಲ.

ಈ ಹೆಸರುಗಳು ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಸೂಚಿ ಕಾರ್ಡುಗಳಿಂದ ಬಂದವು. ಕಾರ್ಡುಗಳನ್ನು ನೋಡಿ ಟೈಪ್ ಮಾಡಿದವರಲ್ಲಿ ಬಹಳ ಮಂದಿ ಸಂಬಳವಿಲ್ಲದೆ ದುಡಿದವರು. ಪ್ರತಿ ನಮೂದಿನಲ್ಲಿ ಹೆಸರು, ಯಾವ ಕಡೆಯವನು ಎಂಬುದು, ರೆಜಿಮೆಂಟು, ಕಂಪನಿ, ಸೇರಿದಾಗಿನ ದರ್ಜೆ, ಬಿಟ್ಟಾಗಿನ ದರ್ಜೆ, ಬೇರೆ ಹೆಸರಿದ್ದರೆ ಅದು, ಕೊನೆಗೆ ಆ ಕಾರ್ಡಿರುವ ಮೈಕ್ರೋಫಿಲ್ಮಿನ ಸಂಖ್ಯೆ. ಹುಟ್ಟಿದ ಊರಿಲ್ಲ, ವಯಸ್ಸಿಲ್ಲ, ಸತ್ತನೋ ಉಳಿದನೋ ಎಂಬುದಿಲ್ಲ. ಬೇರೆ ಹೆಸರಿನ ಕಲಮು ಅಲಂಕಾರಕ್ಕೆ ಇಟ್ಟದ್ದಲ್ಲ. ವಯಸ್ಸು ಸಾಲದವರು, ಮನೆಯಿಂದ ಓಡಿಬಂದವರು ಸುಳ್ಳು ಹೆಸರಿನಲ್ಲಿ ಸೇರುತ್ತಿದ್ದುದು ಉಂಟು. ಈ ರೆಜಿಮೆಂಟುಗಳ ಇತಿಹಾಸವನ್ನೆಲ್ಲ ಸಂಕಲಿಸಿದ ಡೈಯರ್ ಅವರೇ ಹುಡುಗನಾಗಿದ್ದಾಗ ಕನೆಕ್ಟಿಕಟ್‌ನ ರೆಜಿಮೆಂಟೊಂದರಲ್ಲಿ ತಮಟೆ ಬಾರಿಸುವವನಾಗಿ, ಮೆಟ್ಜ್‌ಗರ್ ಎಂಬ ಅಡ್ಡಹೆಸರಿಟ್ಟುಕೊಂಡು ಸೇರಿದ್ದರು! ಆದ್ದರಿಂದ ಹುಡುಕುವವರು ಹೆಸರನ್ನು ಪೂರ್ತಿಯಾಗಿ ಬರೆದು ಕೂರುವ ಬದಲು ರಾಜ್ಯವನ್ನೂ ರೆಜಿಮೆಂಟನ್ನೂ ಮೊದಲು ಗೊತ್ತುಮಾಡಿಕೊಂಡು, ಮನೆತನದ ಹೆಸರಿನ ಒಂದೆರಡು ಕಾಗುಣಿತಗಳನ್ನು ಪ್ರಯತ್ನಿಸುವುದು ಮೇಲು.

ಸೇವೆಯ ಹೆಸರಿನಲ್ಲಿರುವ ನಾವಿಕರ ಮಾತು ಸ್ವಲ್ಪ ದಾರಿ ತಪ್ಪಿಸುವಂಥದು. ಅಲ್ಲಿರುವುದು ಕಪ್ಪು ಜನಾಂಗದ ಸುಮಾರು 18 ಸಾವಿರ ನಾವಿಕರ ವಿವರ ಮಾತ್ರ. ಆ ಭಾಗಕ್ಕಾಗಿ ಹೋವರ್ಡ್ ವಿಶ್ವವಿದ್ಯಾಲಯದವರು ಮಾಡಿದ ಸಂಶೋಧನೆ ಅಮೂಲ್ಯವಾದದ್ದು, ಆದರೆ ಬೇರೆ ನಾವಿಕರನ್ನು ಹುಡುಕುವವರು ಬರಿಗೈಯಲ್ಲಿ ಮರಳುತ್ತಾರೆ. ಕಾನ್ಫೆಡರೇಟ್ (ಒಕ್ಕೂಟದ ವಿರುದ್ಧ ಕಾದಿದ ದಕ್ಷಿಣದ) ರೆಜಿಮೆಂಟುಗಳ ಪುಟಗಳ ರೂಪವೂ ಬೇರೆ: ದಿನಾಂಕಗಳ ಸಾಲಿನ ಬದಲು ಒಂದು ಪುಟ್ಟ ಗದ್ಯಖಂಡ. ಓದಲು ಅದು ಹಗುರ. ಆದರೆ ಎದುರುಬದುರಾಗಿ ಕಾದಿದ 20ನೇ ಮೇನ್ ಮತ್ತು 15ನೇ ಅಲಬಾಮಾಗಳನ್ನು ತಿಂಗಳು ತಿಂಗಳಾಗಿ ಹೋಲಿಸಿ ನೋಡೋಣವೆಂದರೆ ಸಾಧ್ಯವಾಗುವುದಿಲ್ಲ, ಏಕೆಂದರೆ ಒಂದರದು ದಿನಚರಿ, ಇನ್ನೊಂದರದು ಸಾರಾಂಶ.

ರೆಜಿಮೆಂಟಿನ ಸೇವೆಯನ್ನು ತಿಳಿಯಬಯಸುವವರಿಗೆ ಈ ಡೇಟಾಬೇಸನ್ನು ನಾನು ಯಾವ ಅನುಮಾನವೂ ಇಲ್ಲದೆ ಸೂಚಿಸುತ್ತೇನೆ; ಒಬ್ಬ ವ್ಯಕ್ತಿಯ ಬದುಕನ್ನು ತಿಳಿಯಬಯಸುವವರಿಗೆ ಇದು ಹೊಸ್ತಿಲು ಮಾತ್ರ. ಮೈಕ್ರೋಫಿಲ್ಮಿನ ಸಂಖ್ಯೆಯ ಬೆಲೆ ಗೊತ್ತಾಗುವುದು ಈ ಎರಡನೆಯವರಿಗೆ. ಯುದ್ಧ ಮುಗಿದು ದಶಕಗಳ ಬಳಿಕ ಪಿಂಚಣಿ ಅರ್ಜಿಗಳನ್ನು ತೀರ್ಮಾನಿಸಲು ಯುದ್ಧ ಇಲಾಖೆಯು ಹಾಜರಿ ಪಟ್ಟಿಗಳನ್ನೂ ಆಸ್ಪತ್ರೆಯ ದಫ್ತರಗಳನ್ನೂ ಶೋಧಿಸಿ, ಪ್ರತಿ ಸ್ವಯಂಸೇವಕನ ಹೆಸರಿನಲ್ಲಿ ಚೀಟಿಗಳನ್ನು ಬರೆಸಿ, ಒಂದೊಂದು ಲಕೋಟೆಯಲ್ಲಿ ಇಟ್ಟಿತು. ಯಾವ ತಿಂಗಳು ಹಾಜರಿದ್ದ, ಯಾವಾಗ ಆಸ್ಪತ್ರೆಯಲ್ಲಿದ್ದ, ಯಾವಾಗ ಓಡಿಹೋದ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಅದರ ಪ್ರತಿಯನ್ನು ನ್ಯಾಷನಲ್ ಆರ್ಕೈವ್ಸ್‌ನಿಂದ ಶುಲ್ಕ ಕೊಟ್ಟು ತರಿಸಿಕೊಳ್ಳಬಹುದು. ಪಿಂಚಣಿ ಕಡತದ ಶುಲ್ಕ ಇನ್ನೂ ಹೆಚ್ಚು, ಆದರೆ ವಿಧವೆಯರ ಹೇಳಿಕೆ, ನೆರೆಯವರ ಸಾಕ್ಷ್ಯ, ವೈದ್ಯರ ವರದಿ ಎಲ್ಲ ಇರುವ ಆ ಕಡತವೇ ಹೆಚ್ಚು ಮಾತಾಡುತ್ತದೆ. ಒಕ್ಕೂಟದ ವಿರುದ್ಧ ಕಾದಿದವರಿಗೆ ಅಂದು ಕೇಂದ್ರ ಸರ್ಕಾರ ಪಿಂಚಣಿ ಕೊಡಲಿಲ್ಲ. ದಕ್ಷಿಣದ ರಾಜ್ಯಗಳು ತಮ್ಮಲ್ಲಿ ನೆಲೆಸಿದ್ದ ಹಳೆಯ ಸೈನಿಕರಿಗೆ ತಾವೇ ಕೊಟ್ಟವು. ಹೀಗಾಗಿ 15ನೇ ಅಲಬಾಮಾದವನೊಬ್ಬನ ಪಿಂಚಣಿ ಕಡತ ಬೇಕಾದವರು ವಾಷಿಂಗ್ಟನ್‌ಗೆ ಬರೆಯಬಾರದು. ಅವನು ಮುಪ್ಪಿನಲ್ಲಿ ಯಾವ ರಾಜ್ಯದಲ್ಲಿದ್ದನೆಂದು ತಿಳಿದುಕೊಂಡು ಆ ರಾಜ್ಯದ ಪತ್ರಾಗಾರಕ್ಕೆ, ಅಲಬಾಮಾದಲ್ಲೇ ಇದ್ದಿದ್ದರೆ ಅದರ ರಾಜಧಾನಿ ಮಾಂಟ್‌ಗೊಮರಿಗೆ, ಬರೆಯಬೇಕು.